ಷೇರು ಫೋರಂನ ಮಾತು ನಂಬಿ ದುಡ್ಡು ಹಾಕಬಹುದಾ?

ಪ್ರಶ್ನೆ: ಹುಬ್ಬಳ್ಳಿಯ ಗೋಕುಲ ರಸ್ತೆ ಕೈಗಾರಿಕಾ ವಸಾಹತುವಿನಲ್ಲಿ ನನ್ನದೊಂದು ಸಣ್ಣ ಮಷಿನ್ ಶಾಪ್ ಇದೆ. ಪಂಪು, ವಾಲ್ವ್ ತಯಾರಿಸುವವರಿಗೆ ಜಾಬ್ ವರ್ಕ್ ಮಾಡಿಕೊಡುತ್ತೇನೆ. ಕೆಲವು ವರ್ಷದಿಂದ ಷೇರು ಚರ್ಚೆಯ ಫೋರಂ ಮತ್ತು ಒಂದು ಟೆಲಿಗ್ರಾಂ ಗ್ರೂಪ್ ಓದುತ್ತಿದ್ದೇನೆ. ಈಗ ಅಲ್ಲಿ ಒಂದು ಸಣ್ಣ ಎಂಜಿನಿಯರಿಂಗ್ ಕಂಪನಿಯದೇ ಮಾತು. ಭಾರೀ ಆರ್ಡರ್ ಬಂದಿದೆಯಂತೆ, ಒಬ್ಬರು ಫ್ಯಾಕ್ಟರಿಗೇ ಹೋಗಿ ನೋಡಿಕೊಂಡು ಬಂದಿದ್ದಾರಂತೆ. ಷೇರು ದಿನಾ ಅಪ್ಪರ್ ಸರ್ಕ್ಯೂಟ್, ಅಂದರೆ ಒಂದು ದಿನಕ್ಕೆ ಏರಬಹುದಾದ ಮಿತಿಯಷ್ಟೂ ಏರುತ್ತಿದೆ. ಗದಗದಲ್ಲಿರುವ ನಮ್ಮ ಭಾವ ಬಂಗಾರ ಅಡವಿಟ್ಟು 3 ಲಕ್ಷ ಹಾಕಿದ್ದಾರೆ. ನಾನು ವಾರ್ಷಿಕ ವರದಿ ಓದೋಣ ಅಂದರೆ ಗೆಳೆಯ "ಅದನ್ನ್ಯಾಕ ಓದ್ತಿ, ಎಲ್ಲಾ ಗ್ರೂಪಿನ್ಯಾಗ ಐತಿ" ಅಂತಾನೆ. ಇಂಥ ಫೋರಂ ನಂಬಿ ಅಧ್ಯಯನ ಮಾಡಬಹುದಾ? ಭಾವನಿಗೆ ಏನು ಹೇಳಲಿ? ನಾನೂ ಅಲ್ಲಿ ಬರೆಯಬಹುದಾ ಸರ್?

ಉತ್ತರ: ಮೊದಲೇ ಒಂದು ಮಾತು. ಈ ಉತ್ತರದಲ್ಲಿ ಹೆಸರು ಬರುವ ಯಾವ ಕಂಪನಿಯ ಷೇರೂ ನನ್ನ ಹತ್ತಿರ ಇಲ್ಲ. ಅವುಗಳಲ್ಲಿ ಯಾವುದನ್ನೂ ಕೊಳ್ಳಿ, ಮಾರಿ ಅಂತ ನಾನು ಹೇಳುತ್ತಿಲ್ಲ. ಫೋರಂನಲ್ಲಿ ಬರೆಯುವವರೆಲ್ಲ ಇಷ್ಟನ್ನು ಮೊದಲ ಸಾಲಿನಲ್ಲೇ ಹೇಳಿದ್ದರೆ ನಿಮ್ಮ ಅರ್ಧ ತಲೆನೋವು ಕಡಿಮೆಯಾಗುತ್ತಿತ್ತು.

ಫೋರಂ ಓದುವುದನ್ನು ಬಿಡಬೇಕಿಲ್ಲ. ನಾನೂ ಓದುತ್ತೇನೆ. ಮನಿಕಂಟ್ರೋಲ್ ಚರ್ಚಾ ಪುಟಗಳಲ್ಲಿ ಸಣ್ಣ ಸಣ್ಣ ಮಾತು ಜಾಸ್ತಿ. ವ್ಯಾಲ್ಯೂಪಿಕರ್‌ನಂಥ ಕಡೆ ಒಂದೇ ಕಂಪನಿಯ ಬಗ್ಗೆ ವರ್ಷಗಟ್ಟಲೆ ನಡೆದ ಉದ್ದುದ್ದ ಚರ್ಚೆ ಸಿಗುತ್ತದೆ. ಆ ಉದ್ಯಮದಲ್ಲೇ ಕೆಲಸ ಮಾಡಿದವರು, ಡೀಲರುಗಳು, ನಿಮ್ಮಂಥ ಸಪ್ಲೈಯರುಗಳು ಅಲ್ಲಿ ಬರೆಯುತ್ತಾರೆ. ನನಗೆ ಹೊಳೆಯದ ಪ್ರಶ್ನೆಯನ್ನು ಅವರಲ್ಲಿ ಯಾರೋ ಒಬ್ಬರು ಕೇಳಿರುತ್ತಾರೆ. ಆ ಪ್ರಶ್ನೆಯನ್ನು ಎತ್ತಿಕೊಂಡು ಬರುತ್ತೇನೆ. ಉತ್ತರಕ್ಕೆ ಮಾತ್ರ ಕಂಪನಿ ಸಹಿ ಹಾಕಿ ಷೇರು ವಿನಿಮಯ ಕೇಂದ್ರಕ್ಕೆ ಕೊಟ್ಟ ಕಾಗದಕ್ಕೇ ಹೋಗುತ್ತೇನೆ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಕೊಳ್ಳುವವರು ದಲ್ಲಾಳಿಯ ಮಾತು ಕೇಳುತ್ತಾರೆ, ಆದರೆ ಚೀಲಕ್ಕೆ ಕೈ ಹಾಕಿ ಕಾಯಿ ಮುರಿದು ನೋಡದೆ ಟೆಂಡರ್ ಬರೆಯುವುದಿಲ್ಲ. ನಿಮ್ಮ ಗೆಳೆಯ ಹೇಳುತ್ತಿರುವುದು ಚೀಲ ಬಿಚ್ಚಲೇಬೇಡ ಅಂತ.

ಮೆಸೇಜಿನ ರಾಶಿಯಿಂದ ಏನು ತಿಳಿಯುತ್ತದೆ ಅಂತ ಲೆಕ್ಕ ಹಾಕಿ ನೋಡಿದವರಿದ್ದಾರೆ. ವರ್ನರ್ ಆಂಟ್‌ವೈಲರ್ ಮತ್ತು ಮರ್ರೆ ಫ್ರಾಂಕ್ ಎಂಬ ಅರ್ಥಶಾಸ್ತ್ರಜ್ಞರು 45 ಅಮೆರಿಕನ್ ಕಂಪನಿಗಳ ಬಗ್ಗೆ ಯಾಹೂ ಫೈನಾನ್ಸ್ ಮತ್ತು ರೇಜಿಂಗ್ ಬುಲ್ ಬೋರ್ಡುಗಳಲ್ಲಿ ಬಂದ 15 ಲಕ್ಷಕ್ಕೂ ಹೆಚ್ಚು ಮೆಸೇಜುಗಳನ್ನು ಪರಿಶೀಲಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೆಸೇಜು ಜಾಸ್ತಿಯಾದರೆ ಮುಂದೆ ಬೆಲೆಯ ಏರುಪೇರು ಜಾಸ್ತಿಯಾಗುತ್ತದೆ ಅನ್ನುವುದು ನಿಜವಾಯಿತು. ಆದರೆ ಬೆಲೆ ಏರುತ್ತದಾ ಇಳಿಯುತ್ತದಾ ಅನ್ನುವ ವಿಷಯದಲ್ಲಿ ಸಿಕ್ಕ ಸುಳಿವು ತೀರಾ ಸಣ್ಣದು. ಕೊಳ್ಳುವ, ಮಾರುವ ಖರ್ಚು ಕಳೆದರೆ ಕೈಯಲ್ಲಿ ಉಳಿಯುವಷ್ಟೂ ಇರಲಿಲ್ಲ. ಅಂದರೆ ನಿಮ್ಮ ಗ್ರೂಪಿನ ನೂರಾರು ಮೆಸೇಜು ಒಂದನ್ನಂತೂ ಸರಿಯಾಗಿ ಹೇಳುತ್ತಿದೆ: ಈ ಷೇರು ಇನ್ನೂ ಜೋರಾಗಿ ಅಲುಗಾಡಲಿದೆ. ಯಾವ ಕಡೆಗೆ ಅನ್ನುವುದು ಅದರಿಂದ ತಿಳಿಯುವುದಿಲ್ಲ.

ಇನ್ನು ಬರೆಯುವವರು ಯಾರು? ಇದನ್ನು ಮುಖ್ಯವಾಗಿ ಮನಸ್ಸಿಗೆ ತಂದುಕೊಳ್ಳಬೇಕು. 2000ನೇ ಇಸವಿಯ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಷೇರು ಪೇಟೆ ನಿಯಂತ್ರಕರು ನ್ಯೂಜೆರ್ಸಿಯ 15 ವರ್ಷದ ಹುಡುಗನೊಬ್ಬನ ಮೇಲೆ ಕ್ರಮ ಕೈಗೊಂಡರು. ಅವನು ಮಾಡಿದ್ದಿಷ್ಟೇ. ವಹಿವಾಟು ಕಡಿಮೆ ಇರುವ ಸಣ್ಣ ಕಂಪನಿಯ ಷೇರು ಕೊಳ್ಳುವುದು, ಬೇರೆ ಬೇರೆ ಸುಳ್ಳು ಹೆಸರಿನಲ್ಲಿ ಯಾಹೂ ಬೋರ್ಡಿಗೆ ನೂರಾರು ಮೆಸೇಜು ಹಾಕುವುದು, ಬೆಲೆ ಏರಿದ ಕೂಡಲೇ ಮಾರುವುದು. ಕೊನೆಗೆ ಬಡ್ಡಿ ಸೇರಿ 2,85,000 ಡಾಲರ್ ವಾಪಸ್ ಕೊಡಲು ಒಪ್ಪಿಕೊಂಡ. ಶಾಲೆಗೆ ಹೋಗುವ ಹುಡುಗನೊಬ್ಬ ಹತ್ತು ಜನ ಅನುಭವಿಗಳಂತೆ ಕಾಣಬಲ್ಲ ಅಂದರೆ, ನಿಮ್ಮ ಗ್ರೂಪಿನಲ್ಲಿ "ಹೌದು ಸರ್, ಸೂಪರ್ ಕಂಪನಿ" ಅನ್ನುವ ಹತ್ತು ಜನ ನಿಜವಾಗಿ ಹತ್ತು ಜನರೇ ಅನ್ನುವುದಕ್ಕೆ ಏನು ಆಧಾರ?

ಇದರ ಇನ್ನೊಂದು ತುದಿಯೂ ಇದೆ. ಹೋಲ್ ಫುಡ್ಸ್ ಅನ್ನುವ ದೊಡ್ಡ ಅಮೆರಿಕನ್ ದಿನಸಿ ಕಂಪನಿಯ ಮುಖ್ಯಸ್ಥ ಜಾನ್ ಮ್ಯಾಕಿ "ರಾಹೋಡೆಬ್" ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ಯಾಹೂ ಬೋರ್ಡಿನಲ್ಲಿ ಬರೆಯುತ್ತಿದ್ದರು. ತಮ್ಮ ಕಂಪನಿಯನ್ನು ಹೊಗಳಿದರು. ವೈಲ್ಡ್ ಓಟ್ಸ್ ಎಂಬ ಪೈಪೋಟಿ ಕಂಪನಿಯನ್ನು ತೆಗಳಿದರು. ಆಮೇಲೆ ಅದೇ ಕಂಪನಿಯನ್ನು ಕೊಳ್ಳಲು ಹೊರಟಾಗ, 2007ರಲ್ಲಿ, ಗುಟ್ಟು ಹೊರಬಿತ್ತು. ನಿಯಂತ್ರಕರು ವಿಚಾರಿಸಿ, ಕ್ರಮವಿಲ್ಲದೆ ಕೈಬಿಟ್ಟರು. ಆದರೂ ಆ ಬೋರ್ಡು ಓದಿ ಷೇರು ಕೊಂಡವರಿಗೆ, ಮಾರಿದವರಿಗೆ ತಾವು ಓದುತ್ತಿರುವುದು ಯಾರ ಮಾತು ಅನ್ನುವುದೇ ಗೊತ್ತಿರಲಿಲ್ಲ.

ನಮ್ಮ ದೇಶದ್ದೇ ನೋಡಿ. ಸಾಧನಾ ಬ್ರಾಡ್‌ಕಾಸ್ಟ್ ಎಂಬ ಸಣ್ಣ ಕಂಪನಿಯ ವಿಷಯದಲ್ಲಿ ನಮ್ಮ ಷೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2023ರ ಮಾರ್ಚ್‌ನಲ್ಲಿ ಮಧ್ಯಂತರ ಆದೇಶ ಹೊರಡಿಸಿತು. ಅದರ ಪ್ರಕಾರ ನಡೆದದ್ದು ಹೀಗೆ. 2022ರ ಏಪ್ರಿಲ್‌ನಿಂದಲೇ ಷೇರಿನ ಬೆಲೆ ಮತ್ತು ವಹಿವಾಟು ಏರಲು ಶುರುವಾಗಿತ್ತು. ಜುಲೈನ ಎರಡನೇ ಅರ್ಧದಲ್ಲಿ ಯೂಟ್ಯೂಬ್ ವಿಡಿಯೋಗಳು ಬಂದವು. ದೊಡ್ಡ ಉದ್ಯಮ ಸಮೂಹವೊಂದು ಈ ಕಂಪನಿಯನ್ನು ಕೊಳ್ಳುತ್ತದೆ ಅನ್ನುವ ಸುಳ್ಳು ಸುದ್ದಿ ಅವುಗಳಲ್ಲಿತ್ತು. ಜನ ಮುಗಿಬಿದ್ದರು. ಷೇರು ಕೊಳ್ಳುತ್ತಿದ್ದ ಸಣ್ಣ ಹೂಡಿಕೆದಾರರ ಸಂಖ್ಯೆ 2,167ರಿಂದ 55,343ಕ್ಕೆ ಹೋಯಿತು. ಅದೇ ಹೊತ್ತಿಗೆ ಪ್ರವರ್ತಕರ (ಕಂಪನಿ ಕಟ್ಟಿ, ಹಿಡಿತ ಇಟ್ಟುಕೊಂಡವರ) ಪೈಕಿ ಕೆಲವರು ಮತ್ತು ಇತರ ದೊಡ್ಡ ಷೇರುದಾರರು ಏರಿದ ಬೆಲೆಗೆ ಮಾರಿ ಹೊರಬಿದ್ದರು. ಇಲ್ಲಿ ಕ್ರಮ ಗಮನಿಸಿ: ಬೆಲೆ ಮೊದಲು ಏರಿತು, ಕತೆ ಆಮೇಲೆ ಬಂತು. ನಿಮ್ಮ ಕಂಪನಿಯ ಬೆಲೆಯ ಪಟ್ಟಿ ತೆಗೆದು, ಗ್ರೂಪಿನಲ್ಲಿ ಮೊದಲ ಮೆಸೇಜು ಬಂದ ತಾರೀಕಿನ ಪಕ್ಕ ಇಟ್ಟು ನೋಡಿ. ಸುದ್ದಿಗಿಂತ ಮೊದಲೇ ಬೆಲೆ ಏರಲು ಶುರುವಾಗಿದ್ದರೆ, ಆಗ ಕೊಂಡವರು ಯಾರು ಅನ್ನುವ ಪ್ರಶ್ನೆ ಏಳಲೇಬೇಕು.

ಈಗ "ಭಾರೀ ಆರ್ಡರ್" ವಿಷಯಕ್ಕೆ ಬರೋಣ. ಇದನ್ನು ಪರೀಕ್ಷಿಸುವುದು ನೀವು ಅಂದುಕೊಂಡಷ್ಟು ಕಷ್ಟವಲ್ಲ. ವರ್ಷಕ್ಕೆ 80 ಕೋಟಿ ವಹಿವಾಟು ಮಾಡುವ ಕಂಪನಿಗೆ 200 ಕೋಟಿಯ ಆರ್ಡರ್ ಬಂದಿದೆ ಅಂತ ಇಟ್ಟುಕೊಳ್ಳಿ. ಅಷ್ಟು ದೊಡ್ಡ ಸಂಗತಿಯನ್ನು ಕಂಪನಿ ಹೆಚ್ಚೆಂದರೆ 24 ಗಂಟೆಯೊಳಗೆ ಷೇರು ವಿನಿಮಯ ಕೇಂದ್ರಕ್ಕೆ ತಿಳಿಸಬೇಕು. ಸೆಬಿಯ 2015ರ ಲಿಸ್ಟಿಂಗ್ ನಿಯಮಾವಳಿಯ 30ನೇ ನಿಯಮದ ಕೆಳಗೆ ಅದು ಕಡ್ಡಾಯ. ಬಿಎಸ್‌ಇ ಅಥವಾ ಎನ್‌ಎಸ್‌ಇ ವೆಬ್‌ಸೈಟಿನಲ್ಲಿ ಕಂಪನಿಯ ಹೆಸರು ಹಾಕಿ, "ಅನೌನ್ಸ್‌ಮೆಂಟ್ಸ್" ಒತ್ತಿದರೆ ಸಿಗುತ್ತದೆ. ಆರ್ಡರ್ ಕೊಟ್ಟವರು ಯಾರು, ದೇಶದವರಾ ಹೊರಗಿನವರಾ, ಎಷ್ಟು ದಿನದಲ್ಲಿ ಮುಗಿಸಬೇಕು, ಆರ್ಡರ್ ಕೊಟ್ಟವರಲ್ಲಿ ಪ್ರವರ್ತಕರಿಗೆ ಪಾಲಿದೆಯಾ, ಎಲ್ಲವನ್ನೂ ಅದರಲ್ಲಿ ಹೇಳಬೇಕು. ಕೆಲವು ಕಂಪನಿಗಳು ಗಿರಾಕಿಯ ಹೆಸರು ಗೋಪ್ಯ ಅಂತ ಬರೆಯುತ್ತವೆ. ದೊಡ್ಡ ಕಂಪನಿಗಳೂ ಹಾಗೆ ಮಾಡುವುದುಂಟು, ಅದೊಂದರಿಂದಲೇ ಸಂಶಯ ಬೇಡ. ಆದರೆ ಹೆಸರಿಲ್ಲ, ಅವಧಿಯಿಲ್ಲ, ಮೊತ್ತ ಮಾತ್ರ ದಪ್ಪಕ್ಷರದಲ್ಲಿ ಇದ್ದರೆ ಅಲ್ಲೇ ನಿಂತುಬಿಡಿ. ಅನೌನ್ಸ್‌ಮೆಂಟೇ ಇಲ್ಲ ಅಂದರೆ? ಆಗ ಎರಡೇ ದಾರಿ. ಆರ್ಡರ್ ಸುಳ್ಳು, ಇಲ್ಲವೇ ಕಂಪನಿ ಕಾನೂನು ಮುರಿದಿದೆ. ಎರಡರಲ್ಲಿ ಯಾವುದಾದರೂ ನಿಮ್ಮ ದುಡ್ಡಿಗೆ ಒಳ್ಳೆಯದಲ್ಲ, ಅಲ್ವಾ?

"ಸುಳ್ಳಾಗಿದ್ದರೆ ಕಂಪನಿಯೇ ಅಲ್ಲಗಳೆಯುತ್ತಿತ್ತು" ಅಂತ ಗ್ರೂಪಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಈ ವಾದ ನಂಬಬೇಡಿ. ಗಾಳಿಸುದ್ದಿಗೆ ಹೌದು ಅಥವಾ ಅಲ್ಲ ಅಂತ ಸ್ಪಷ್ಟನೆ ಕೊಡಲೇಬೇಕು ಅನ್ನುವ ನಿಯಮ 2024ರ ಜೂನ್ 1ರಿಂದ ಮೊದಲ 100 ದೊಡ್ಡ ಕಂಪನಿಗಳಿಗೆ ಬಂತು. ಡಿಸೆಂಬರ್ 1ರಿಂದ ಮೊದಲ 250 ಕಂಪನಿಗಳಿಗೆ ವಿಸ್ತಾರವಾಯಿತು. ಅದೂ ಮುಖ್ಯವಾಹಿನಿಯ ಮಾಧ್ಯಮದಲ್ಲಿ ಬಂದ ಸುದ್ದಿಗೆ, ಬೆಲೆ ಗಣನೀಯವಾಗಿ ಅಲುಗಿದಾಗ. ನಿಮ್ಮ ಸಣ್ಣ ಕಂಪನಿ ಆ ಪಟ್ಟಿಯಲ್ಲಿಲ್ಲ. ಟೆಲಿಗ್ರಾಂ ಗ್ರೂಪಿನ ಮಾತು ಮುಖ್ಯವಾಹಿನಿಯೂ ಅಲ್ಲ. ಕಂಪನಿ ಸುಮ್ಮನಿದೆ ಅಂದರೆ ಸುಮ್ಮನಿದೆ ಅಷ್ಟೇ.

ಆರ್ಡರ್ ನಿಜವೇ ಇರಲಿ. ಆಮೇಲೆ ನೋಡಬೇಕಾದದ್ದು ದುಡ್ಡು ಬರುತ್ತಿದೆಯಾ ಅನ್ನುವುದು. ಈ ವಿಷಯ ನಿಮಗೆ ಯಾವ ಎಂಬಿಎ ಓದಿದವನಿಗಿಂತ ಚೆನ್ನಾಗಿ ಗೊತ್ತು. ಬಿಲ್ ಹಾಕಿದ್ದೇ ಬೇರೆ, ಬ್ಯಾಂಕಿಗೆ ಬಿದ್ದದ್ದೇ ಬೇರೆ. ಲೆಕ್ಕ ತೋರಿಸಲು ನಾನೇ ಹಾಕಿಕೊಂಡ ಅಂಕಿ ಇವು. ಕಂಪನಿಯ ಮಾರಾಟ ಒಂದು ವರ್ಷದಲ್ಲಿ 60 ಕೋಟಿಯಿಂದ 80 ಕೋಟಿಗೆ ಹೋಗಿದೆ, ಲಾಭ 5ರಿಂದ 9 ಕೋಟಿಗೆ. ಗ್ರೂಪಿನಲ್ಲಿ ಎಲ್ಲರೂ ಇದನ್ನೇ ಹಾಡಿ ಹೊಗಳುತ್ತಾರೆ. ಈಗ ಬ್ಯಾಲೆನ್ಸ್ ಶೀಟ್ ತೆಗೆಯಿರಿ. ಗಿರಾಕಿಗಳಿಂದ ಬರಬೇಕಾದ ಬಾಕಿ 18 ಕೋಟಿ ಇದ್ದದ್ದು 34 ಕೋಟಿ ಆಗಿದೆ. ಹಿಂದಿನ ವರ್ಷ 18 ಭಾಗಿಸು 60, ಗುಣಿಸು 365, ಸುಮಾರು 110 ದಿನದ ಬಾಕಿ. ಈ ವರ್ಷ 34 ಭಾಗಿಸು 80, ಗುಣಿಸು 365, ಸುಮಾರು 155 ದಿನ. ಮುಂದಿನ ಪುಟದ ನಗದು ಹರಿವಿನ ಪಟ್ಟಿ ನೋಡಿದರೆ ವ್ಯವಹಾರದಿಂದ ಬಂದ ನಗದು ಮೈನಸ್ 6 ಕೋಟಿ. ಅಂದರೆ 9 ಕೋಟಿ ಲಾಭ ಕಾಗದದ ಮೇಲಿದೆ, ಪೆಟ್ಟಿಗೆಯಿಂದ 6 ಕೋಟಿ ಹೋಗಿದೆ. ಮಾರಾಟ ಬೆಳೆಯುವಾಗ ಬಾಕಿ ಸ್ವಲ್ಪ ಏರುವುದು ಸಹಜ. ಆದರೆ ದಿನಗಳ ಲೆಕ್ಕವೇ ಒಂದೂವರೆ ತಿಂಗಳು ಏರಿದೆ ಅಂದರೆ, ಗಿರಾಕಿ ದುಡ್ಡು ಕೊಡುತ್ತಿಲ್ಲ, ಅಥವಾ ಆ ಬಿಲ್ಲೇ ಗಟ್ಟಿಯಲ್ಲ. 2021-22ರ ಲೆಕ್ಕದಿಂದ ಈಚೆಗೆ ಬಾಕಿ ಎಷ್ಟು ಹಳೆಯದು ಅನ್ನುವ ಕೋಷ್ಟಕವನ್ನೂ ಕಂಪನಿಗಳು ಕೊಡಬೇಕು: ಆರು ತಿಂಗಳೊಳಗಿನದು, ಒಂದು ವರ್ಷದೊಳಗಿನದು, ಮೂರು ವರ್ಷ ಮೀರಿದ್ದು, ಹೀಗೆ. ಟಿಪ್ಪಣಿಗಳ ಭಾಗದಲ್ಲಿ ಇರುತ್ತದೆ.

ಅದೇ ಟಿಪ್ಪಣಿಗಳಲ್ಲಿ ನೀವು ತಪ್ಪದೆ ನೋಡಬೇಕಾದ ಇನ್ನೊಂದು ಸಾಲಿದೆ. ಕಂಪನಿ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಎಷ್ಟು ಬಾಕಿ ಉಳಿಸಿಕೊಂಡಿದೆ ಅನ್ನುವುದನ್ನು ಪ್ರತ್ಯೇಕವಾಗಿ ತೋರಿಸಬೇಕು. ಅಂದರೆ ನಿಮ್ಮಂಥ ಜಾಬ್ ವರ್ಕ್ ಮಾಡುವವರ ದುಡ್ಡು. ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ ಕೊಡಬೇಕು ಅನ್ನುವ ನಿಯಮ ನಿಮಗೆ ಬಾಯಿಪಾಠ ಇರುತ್ತದೆ. ಗ್ರೂಪಿನಲ್ಲಿ ಅಷ್ಟೆಲ್ಲ ಹೊಗಳಿಸಿಕೊಳ್ಳುವ ಕಂಪನಿ ಸಣ್ಣವರ ಬಿಲ್ ತಿಂಗಳುಗಟ್ಟಲೆ ಇಟ್ಟುಕೊಂಡಿದೆ ಅಂದರೆ, ಅದರ ಕೈಯಲ್ಲಿ ದುಡ್ಡಿಲ್ಲ ಅಥವಾ ಮನಸ್ಸಿಲ್ಲ. ನನ್ನ ಮಟ್ಟಿಗೆ ಈ ಒಂದು ಸಾಲು ಆಡಳಿತದವರ ಸಂದರ್ಶನಕ್ಕಿಂತ ಜಾಸ್ತಿ ಹೇಳುತ್ತದೆ. ಫೋರಂನಲ್ಲಿ ಇದನ್ನು ಎತ್ತಿ ಹೇಳುವವರು ಕಡಿಮೆ. ಹೇಳಿದವರು ಸಿಕ್ಕರೆ ಅವರ ಹೆಸರು ನೆನಪಿಟ್ಟುಕೊಳ್ಳಿ. ಆ ಮನುಷ್ಯ ಕಾಗದ ಓದಿದ್ದಾರೆ.

ಫ್ಯಾಕ್ಟರಿ ನೋಡಿ ಬಂದವರ ಮಾತಿಗೆ ಬರೋಣ. ಇಲ್ಲಿ ನಿಮ್ಮಷ್ಟು ಸಮರ್ಥ ಪರೀಕ್ಷಕರು ಆ ಗ್ರೂಪಿನಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ಮರ್ಯಾದೆಯಿಂದ ಕೇಳಿ: ಎಷ್ಟು ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮಷಿನ್) ಇವೆ, ಎಷ್ಟು ಸಿಎನ್‌ಸಿ ಲೇತ್, ಯಾವ ಮೇಕ್? ಎಷ್ಟು ಶಿಫ್ಟ್ ನಡೆಯುತ್ತಿದೆ? ಕಾಸ್ಟಿಂಗ್ ಎಲ್ಲಿಂದ ಬರುತ್ತದೆ? ಮುಗಿದ ಮಾಲು ಪ್ಯಾಕ್ ಆಗಿ ನಿಂತಿತ್ತಾ, ಅರೆಬರೆ ಕೆಲಸ ಬಿದ್ದಿತ್ತಾ? ನಿಜವಾಗಿ ಹೋಗಿ ಬಂದವರು ಖುಷಿಯಿಂದ ಹೇಳುತ್ತಾರೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನುತ್ತಾರೆ. ಹೋಗದವರು "ಮ್ಯಾನೇಜ್‌ಮೆಂಟ್ ತುಂಬಾ ಕಾನ್ಫಿಡೆಂಟ್ ಇದೆ ಬ್ರೋ" ಅನ್ನುತ್ತಾರೆ. ಆಮೇಲೆ ಲಾಭ-ನಷ್ಟದ ಟಿಪ್ಪಣಿಯಲ್ಲಿ ವಿದ್ಯುತ್ ಮತ್ತು ಇಂಧನದ ಖರ್ಚು ನೋಡಿ. ಕೆಲಸ ಜಾಸ್ತಿಯಾದ ತಿಂಗಳು ನಿಮ್ಮ ಹೆಸ್ಕಾಂ ಬಿಲ್ ಎಷ್ಟು ಏರುತ್ತದೆ ಅನ್ನುವುದು ನಿಮಗೆ ಗೊತ್ತಿದೆ. ಮಾರಾಟ ಮೂರನೇ ಒಂದರಷ್ಟು ಏರಿದೆ, ಕರೆಂಟ್ ಖರ್ಚು ಹಾಗೇ ಇದೆ ಅಂದರೆ ಕಾರಣ ಬೇಕು. ಹೊರಗೆ ಮಾಡಿಸಿ ತರಿಸಿದ್ದಾರಾ? ಸುಮ್ನೆ ಮಾಲು ಕೊಂಡು ಮಾರಿದ್ದಾರಾ? ಜಾಬ್ ವರ್ಕ್ ಖರ್ಚು ಅಷ್ಟೇ ಏರಿದ್ದರೆ ಸರಿ, ಉತ್ತರ ಸಿಕ್ಕಿತು. ಏರಿಲ್ಲ ಅಂದರೆ ಆ ಪ್ರಶ್ನೆಯನ್ನು ಹಾಗೇ ಫೋರಂನಲ್ಲಿ ಹಾಕಿ.

ಹಾಕಿದ ಮೇಲೆ ಏನಾಗುತ್ತದೆ ಅನ್ನುವುದೂ ಒಂದು ಮಾಹಿತಿ. ಒಳ್ಳೆಯ ಚರ್ಚೆ ನಡೆಯುವ ಕಡೆ ಯಾರಾದರೂ ಪುಟ ಸಂಖ್ಯೆ ಸಮೇತ ಉತ್ತರ ಕೊಡುತ್ತಾರೆ, ಅಥವಾ "ನನಗೂ ಈ ಅನುಮಾನ ಇದೆ" ಅನ್ನುತ್ತಾರೆ. ಕೆಟ್ಟ ಕಡೆ "ನಿಮಗೆ ಬೇಡ ಅಂದರೆ ಮಾರಿ ಹೋಗಿ" ಅನ್ನುತ್ತಾರೆ. ಇನ್ನೂ ಕೆಟ್ಟ ಕಡೆ ಅಡ್ಮಿನ್ ನಿಮ್ಮ ಮೆಸೇಜನ್ನೇ ಅಳಿಸುತ್ತಾರೆ. ಟೆಲಿಗ್ರಾಂನಲ್ಲಿ ಇದು ಸುಲಭ, ಅಡ್ಮಿನ್ ಒಬ್ಬರೇ ಬರೆಯುವ ಚಾನೆಲ್ ಆದರೆ ಪ್ರಶ್ನೆಗೆ ಜಾಗವೇ ಇಲ್ಲ. ಎಲ್ಲ ಮೆಸೇಜೂ ಒಂದೇ ರಾಗ ಹಾಡುತ್ತಿದೆ ಅಂದರೆ, ಬೇರೆ ರಾಗದವರನ್ನು ಹೊರಗೆ ಹಾಕಿರಬಹುದು. ಬರೆಯುವವರ ಹಳೆಯ ಪೋಸ್ಟುಗಳನ್ನೂ ಒಮ್ಮೆ ತೆಗೆದು ನೋಡಿ. ಖಾತೆ ತೆರೆದದ್ದು ಹೋದ ತಿಂಗಳು, ಬರೆದದ್ದೆಲ್ಲ ಒಂದೇ ಷೇರಿನ ಬಗ್ಗೆ ಅಂದರೆ ಅವರ ಮಾತಿಗೆ ತೂಕ ಕೊಡಬೇಡಿ. ಹಳೆಯ ಪೋಸ್ಟಿನಲ್ಲಿ "ನಾನು ಹೇಳಿದ್ದು ತಪ್ಪಾಯಿತು, ಮಾರಿದೆ, ಕಾರಣ ಇದು" ಅಂತ ಬರೆದವರು ಸಿಕ್ಕರೆ ಅವರನ್ನು ಹಿಂಬಾಲಿಸಿ.

ಕಣ್ಣಿಗೆ ಕಂಡದ್ದೂ ದಾರಿ ತಪ್ಪಿಸಬಹುದು ಅನ್ನುವುದಕ್ಕೆ ನಮ್ಮೂರಿನದೇ ಉದಾಹರಣೆ ಕೊಡುತ್ತೇನೆ. ವಿಆರ್‌ಎಲ್ ಲಾಜಿಸ್ಟಿಕ್ಸ್ ನಮಗೆಲ್ಲ ಗೊತ್ತಿರುವ ಹೆಸರು. 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಶುರುವಾದದ್ದು, ಹುಬ್ಬಳ್ಳಿಗೆ ಬಂದು ಬೆಳೆದದ್ದು, 2015ರಲ್ಲಿ ಷೇರು ಪೇಟೆಗೆ ಬಂದದ್ದು. ವರೂರಿನ ಮುಂದೆ ಹೋಗುವಾಗ ಲಾರಿಗಳ ಸಾಲು ನೋಡಿ ಹುಬ್ಬಳ್ಳಿಯವರಿಗೆ ಈ ಕಂಪನಿ ತಮಗೆ ಪೂರಾ ಗೊತ್ತು ಅನ್ನಿಸುವುದು ಸಹಜ. ಒಬ್ಬರು "ಹುಬ್ಬಳ್ಳಿಯಲ್ಲೇ ಇದ್ದೇನೆ, ವಿಜಯಾನಂದ ಬಸ್ಸುಗಳು ತುಂಬಿ ಹೋಗುತ್ತಿವೆ, ಈ ತ್ರೈಮಾಸಿಕ ಭರ್ಜರಿ" ಅಂತ ಫೋರಂನಲ್ಲಿ ಬರೆದರು ಅನ್ನಿ. ಬಸ್ಸು ತುಂಬಿರುವುದು ನಿಜವೇ ಇರಬಹುದು. ಆದರೆ ಷೇರು ಪೇಟೆಯಲ್ಲಿರುವ ಕಂಪನಿ ತನ್ನ ಬಸ್ ವ್ಯವಹಾರವನ್ನು 2022-23ರಲ್ಲೇ ಪ್ರವರ್ತಕರ ಬೇರೆ ಕಂಪನಿಗೆ ಮಾರಿಬಿಟ್ಟಿದೆ. ಬಸ್ಸಿನ ಟಿಕೆಟ್ಟಿಗೂ ಆ ಷೇರಿಗೂ ಈಗ ಸಂಬಂಧವಿಲ್ಲ. ಲಾರಿ ಕಡೆಗೂ ಹಾಗೇ. ರಸ್ತೆಯಲ್ಲಿ ನಿಂತು ಲಾರಿ ಎಣಿಸಬಹುದು, ಆದರೆ ಸಾಗಿಸಿದ ಟನ್ ಎಷ್ಟು, ಟನ್ನಿಗೆ ಸಿಕ್ಕ ಬಾಡಿಗೆ ಎಷ್ಟು, ಡೀಸೆಲ್ಲಿಗೆ ಎಷ್ಟು ಹೋಯಿತು ಅನ್ನುವುದು ತ್ರೈಮಾಸಿಕ ವರದಿಯಲ್ಲಿ ಮಾತ್ರ ಸಿಗುತ್ತದೆ. ಪ್ರಾಮಾಣಿಕ ಮನುಷ್ಯ, ಕಣ್ಣಾರೆ ಕಂಡದ್ದು, ಆದರೂ ತೀರ್ಮಾನ ತಪ್ಪು. ಫೋರಂನಲ್ಲಿ ಮೋಸಗಾರರಿಗಿಂತ ಇಂಥವರೇ ಜಾಸ್ತಿ ಅನ್ನುವುದು ನನ್ನ ಅನಿಸಿಕೆ.

ಭಾವನ ವಿಷಯ. ಇದು ತಡ ಮಾಡುವ ಕೆಲಸವಲ್ಲ. ದಿನಕ್ಕೆ 5 ಶೇಕಡಾ ಸರ್ಕ್ಯೂಟ್ ಇರುವ ಷೇರು ಸತತ ಹತ್ತು ದಿನ ಏರಿದರೆ 100 ರೂಪಾಯಿ ಸುಮಾರು 163 ಆಗುತ್ತದೆ. ಖುಷಿಯಾಗುತ್ತದೆ. ಅದೇ ಹತ್ತು ದಿನ ಕೆಳಗಿನ ಸರ್ಕ್ಯೂಟ್ ಆದರೆ 100 ರೂಪಾಯಿ 60ಕ್ಕೆ ಬರುತ್ತದೆ, ಮತ್ತು ಆ ಹತ್ತೂ ದಿನ ಮಾರಲು ಆಗುವುದಿಲ್ಲ. ಕೊಳ್ಳುವವರೇ ಇರುವುದಿಲ್ಲ. ಬೆಳಿಗ್ಗೆ ಆರ್ಡರ್ ಹಾಕಿ ಕಾಯಬೇಕು, ಸಂಜೆ ಅದು ಹಾಗೇ ರದ್ದಾಗುತ್ತದೆ. "ಇಳಿಯಲು ಶುರುವಾದರೆ ಮಾರಿದರಾಯಿತು" ಅನ್ನುವ ಯೋಜನೆ ಇಂಥ ಷೇರಿನಲ್ಲಿ ನಡೆಯುವುದಿಲ್ಲ. ಮೇಲಿನ ಸರ್ಕ್ಯೂಟ್ ಇದ್ದಾಗ ಮಾರುವುದು ಸುಲಭ, ಯಾಕೆಂದರೆ ಕೊಳ್ಳುವವರು ಸಾಲಾಗಿ ನಿಂತಿರುತ್ತಾರೆ.

ಆದ್ದರಿಂದ ಭಾವನಿಗೆ ಹೀಗೆ ಹೇಳಿ. ಬಂಗಾರ ಬಿಡಿಸಿಕೊಳ್ಳಲು ಬೇಕಾದಷ್ಟು, ಅಸಲು ಮತ್ತು ಬಡ್ಡಿ ಸೇರಿಸಿ, ಈಗಲೇ ಮಾರಲಿ. ಒಂದು ವರ್ಷದೊಳಗೆ ಮಾರಿದ ಲಾಭಕ್ಕೆ 20 ಶೇಕಡಾ ತೆರಿಗೆ, ಮೇಲೆ ಸೆಸ್, ಅದನ್ನೂ ಪಕ್ಕಕ್ಕಿಡಲಿ. ಸಾಲದ ದುಡ್ಡಿನಲ್ಲಿ, ಅದೂ ಅಕ್ಕನ ಮೈಮೇಲಿನ ಬಂಗಾರದ ದುಡ್ಡಿನಲ್ಲಿ ಕೂತವರಿಗೆ ಕಾಗದ ಓದುವ ತಾಳ್ಮೆ ಇರುವುದಿಲ್ಲ. ಉಳಿದ ಷೇರು ಇಟ್ಟುಕೊಳ್ಳಬೇಕಾ ಅನ್ನುವುದನ್ನು ನೀವಿಬ್ಬರೂ ಒಂದು ಭಾನುವಾರ ಕೂತು ತೀರ್ಮಾನಿಸಿ. ವಿನಿಮಯ ಕೇಂದ್ರದ ಪುಟದಲ್ಲಿ ಷೇರು ಎಎಸ್‌ಎಂ ಅಥವಾ ಜಿಎಸ್‌ಎಂ ಎಂಬ ನಿಗಾ ಪಟ್ಟಿಯಲ್ಲಿದೆಯಾ ನೋಡಿ. ಷೇರುದಾರಿಕೆಯ ಪಟ್ಟಿ ತ್ರೈಮಾಸಿಕ ಮುಗಿದ 21 ದಿನದೊಳಗೆ ಬರುತ್ತದೆ. ಹಿಂದಿನ ನಾಲ್ಕು ಪಟ್ಟಿ ಪಕ್ಕಪಕ್ಕ ಇಡಿ. ಪ್ರವರ್ತಕರ ಪಾಲು ಇಳಿಯುತ್ತಿದೆ, ಸಣ್ಣ ಷೇರುದಾರರ ತಲೆ ಎಣಿಕೆ ಏರುತ್ತಿದೆ ಅಂದರೆ ಮಾರುತ್ತಿರುವವರು ಯಾರು, ಕೊಳ್ಳುತ್ತಿರುವವರು ಯಾರು ಅನ್ನುವುದು ಅಲ್ಲೇ ಬರೆದಿದೆ. ಪ್ರವರ್ತಕರು ಷೇರು ಅಡವಿಟ್ಟಿದ್ದಾರಾ ಅನ್ನುವುದೂ ಅದರಲ್ಲೇ ಇರುತ್ತದೆ. ಆಡಿಟರ್ ನಡುವೆ ಬಿಟ್ಟುಹೋಗಿದ್ದರೆ ಮುಂದೆ ಓದುವುದೇ ಬೇಡ, ಎಲ್ಲ ಮಾರಿಬಿಡಿ ಅನ್ನುವವನು ನಾನು.

ಆ ಗ್ರೂಪಿನವರು ದುಡ್ಡು ತೆಗೆದುಕೊಂಡು ಸಲಹೆ ಕೊಡುತ್ತಿದ್ದರೆ ಸೆಬಿ ನೋಂದಣಿ ಸಂಖ್ಯೆ ಕೇಳಿ. ರಿಸರ್ಚ್ ಅನಲಿಸ್ಟ್ ಆದರೆ ಅದು ಐಎನ್‌ಎಚ್ ಅಂತ, ಹೂಡಿಕೆ ಸಲಹೆಗಾರರಾದರೆ ಐಎನ್‌ಎ ಅಂತ ಶುರುವಾಗುತ್ತದೆ. ಸಂಖ್ಯೆ ಕೊಟ್ಟರೂ ಸೆಬಿ ವೆಬ್‌ಸೈಟಿನಲ್ಲಿ ಹೆಸರು ತಾಳೆ ನೋಡಿ, ಬೇರೆಯವರ ಸಂಖ್ಯೆ ಹಾಕಿಕೊಳ್ಳುವವರಿದ್ದಾರೆ. ವಿಐಪಿ ಗ್ರೂಪಿಗೆ ಸೇರಿ, ಈ ಆ್ಯಪ್ ಹಾಕಿಕೊಂಡು ಅದರಲ್ಲೇ ಟ್ರೇಡ್ ಮಾಡಿ ಅಂದರೆ ಅದು ನೇರ ವಂಚನೆ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಸೆಬಿಯ ಉಚಿತ ಸಹಾಯವಾಣಿ 1800 266 7575.

ಕೊನೆಯ ಪ್ರಶ್ನೆ, ನೀವು ಬರೆಯಬಹುದಾ ಅನ್ನುವುದು. ಖಂಡಿತ ಬರೆಯಿರಿ. ಕಾಸ್ಟಿಂಗ್ ದರ, ಮಷಿನ್ ಅವರ್ ರೇಟ್, ಪಂಪ್ ಉದ್ಯಮದಲ್ಲಿ ಯಾವ ತಿಂಗಳು ಕೆಲಸ ಜಾಸ್ತಿ, ಇವನ್ನೆಲ್ಲ ನಿಮ್ಮಷ್ಟು ಚೆನ್ನಾಗಿ ಹೇಳುವವರು ಅಲ್ಲಿ ಕಡಿಮೆ. ನಿಮ್ಮ ಹತ್ತಿರ ಷೇರು ಇದ್ದರೆ ಇದೆ ಅಂತ ಹೇಳಿ ಬರೆಯಿರಿ.

ಆದರೆ ಒಂದು ಗೆರೆ ದಾಟಬೇಡಿ. ನೀವು ಮಾಡಿಕೊಡುವ ಭಾಗ ಲಿಸ್ಟೆಡ್ ಕಂಪನಿಗೆ ಹೋಗುತ್ತಿದೆ, ಅವರ ಪರ್ಚೇಸ್ ವಿಭಾಗದವರು "ಮುಂದಿನ ಆರು ತಿಂಗಳ ಶೆಡ್ಯೂಲ್ ಅರ್ಧ ಮಾಡಿದ್ದೇವೆ, ದೊಡ್ಡ ಗಿರಾಕಿ ಕೈಬಿಟ್ಟ" ಅಂತ ನಿಮಗೆ ಹೇಳಿದರು ಅನ್ನಿ. ಅದು ಇನ್ನೂ ಪೇಟೆಗೆ ಗೊತ್ತಿಲ್ಲದ, ಬೆಲೆ ಅಲುಗಿಸುವ ಸುದ್ದಿ. ಸೆಬಿಯ 2015ರ ಇನ್‌ಸೈಡರ್ ಟ್ರೇಡಿಂಗ್ ನಿಯಮದಲ್ಲಿ ಕಂಪನಿಯ ಜೊತೆ ವ್ಯವಹಾರ ಇರುವ ಸಪ್ಲೈಯರ್ ಕೂಡ ಒಳಗಿನವನೇ ಆಗಬಹುದು. ಅದನ್ನು ಇಟ್ಟುಕೊಂಡು ನೀವು ಷೇರು ಮಾರುವಂತಿಲ್ಲ, ಭಾವನಿಗೆ ಹೇಳಿ ಮಾರಿಸುವಂತಿಲ್ಲ, ಹೆಸರು ಮುಚ್ಚಿಟ್ಟು ಫೋರಂನಲ್ಲಿ ಹಾಕುವಂತೆಯೂ ಇಲ್ಲ. ದಂಡ ಕನಿಷ್ಠ 10 ಲಕ್ಷ, 25 ಕೋಟಿವರೆಗೆ ಅಥವಾ ಮಾಡಿದ ಲಾಭದ ಮೂರು ಪಟ್ಟಿನವರೆಗೆ ಹೋಗಬಹುದು. "ನಮ್ಮ ಮಾವ ಅಕೌಂಟ್ಸ್‌ನಲ್ಲಿದ್ದಾರೆ, ನಾಳೆ ರಿಸಲ್ಟ್ ಚೆನ್ನಾಗಿದೆ" ಅಂತ ಗ್ರೂಪಿನಲ್ಲಿ ಬಂದ ಮೆಸೇಜಿಗೂ ಇದೇ ನಿಯಮ. ಹೇಳಿದವನಷ್ಟೇ ಅಲ್ಲ, ಕೇಳಿ ಷೇರು ಕೊಂಡವನೂ ಸಿಕ್ಕಿಬೀಳುತ್ತಾನೆ. ಅಂಥ ಮೆಸೇಜು ನಿಜವಾಗಿದ್ದರೆ ಅದರ ಮೇಲೆ ವ್ಯವಹಾರ ಮಾಡುವುದು ಅಪರಾಧ, ಸುಳ್ಳಾಗಿದ್ದರೆ ನಷ್ಟ. ಅದನ್ನು ಮುಂದಕ್ಕೆ ಫಾರ್ವರ್ಡ್ ಕೂಡ ಮಾಡಬೇಡಿ.